ದೊಡ್ಡಮ್ಮ ಉರಿದಳು, ಚಿಕ್ಕಮ್ಮ ಹೊರಟಳು

ನಮ್ಮ ಕಾರ್ಖಾನೆಯಲ್ಲಿ ದೊಡ್ಡಮ್ಮ, ಚಿಕ್ಕಮ್ಮ ಎಂದರೆ ಹೆಂಗಸರಲ್ಲ. ಒಂದೇ ಅಳತೆಯ, ಒಂದೇ ಉಕ್ಕಿನ, ಒಂದೇ ಬೂದು ಬಣ್ಣ ಬಳಿದ ಎರಡು ಬೂಸ್ಟರುಗಳು. ಬೂಸ್ಟರ್ ಎಂದರೆ ರಾಕೆಟ್ಟನ್ನು ನೆಲದಿಂದ ಎತ್ತಿ ಮೇಲಕ್ಕೆ ದಬ್ಬುವ ಭಾಗ. ಹೊಟ್ಟೆ ತುಂಬ ಗಟ್ಟಿ ಇಂಧನ ತುಂಬಿಕೊಂಡ, ಮನೆಗಿಂತ ಉದ್ದದ ಕೊಳವೆ. ದೊಡ್ಡಮ್ಮನನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಕಟ್ಟಿಹಾಕಿ, ಉರಿಸಿ ನೋಡುವುದು. ಅವಳು ಸರಿಯಾಗಿ ಉರಿದರೆ ಚಿಕ್ಕಮ್ಮ ಹಾರುವುದು. ಈ ಹೆಸರು ಮೊದಲು ಇಟ್ಟವರು ಯಾರೋ ಗೊತ್ತಿಲ್ಲ. ಕೊನೆಕೊನೆಗೆ ಮುಖ್ಯಸ್ಥರು ಕೂಡ ಮೀಟಿಂಗಿನಲ್ಲಿ ಹಾಗೇ ಅನ್ನತೊಡಗಿದ್ದರು.

ಇದರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಸಿಟ್ಟಿತ್ತು. ಪರೀಕ್ಷೆ ಬರೆಯುವವಳು ಒಬ್ಬಳು, ಪಾಸಾದಳೆಂದು ಕೆಲಸಕ್ಕೆ ಹೋಗುವವಳು ಇನ್ನೊಬ್ಬಳು. ಉರಿಸಿ ನೋಡಿದ್ದನ್ನು ಮತ್ತೆ ಹಾರಿಸುವಂತಿಲ್ಲ, ಹಾರಿಸಬೇಕಾದ್ದನ್ನು ಮೊದಲೇ ಉರಿಸಿ ನೋಡುವಂತಿಲ್ಲ. ಬೇರೆ ದಾರಿಯಿಲ್ಲ ಎಂದು ನನಗೂ ಗೊತ್ತು. ಆದರೂ ಸಿಟ್ಟು ಬರುತ್ತಿತ್ತು, ಬಂದಾಗ ಆಡಿಬಿಡುತ್ತಿದ್ದೆ. ನನಗೆ ಬಾಯಿ ಜಾಸ್ತಿ ಎಂದು ಇಡೀ ಕಾರ್ಖಾನೆಗೆ ಗೊತ್ತು.

ನನ್ನ ಕೆಲಸ ತಪಾಸಣೆ. ಕೊಳವೆಯ ಮೈಮೇಲೆ ಸಣ್ಣ ಬಿಲ್ಲೆಯೊಂದನ್ನು ಇಟ್ಟು ಒಳಕ್ಕೆ ಶಬ್ದ ಕಳಿಸುವುದು, ಮರಳಿ ಬಂದದ್ದನ್ನು ಪರದೆಯ ಮೇಲೆ ಓದುವುದು. ಒಳಗೆಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೂ ಗೆರೆ ಕುಪ್ಪಳಿಸಿ ಹೇಳುತ್ತದೆ. ನನ್ನ ತಂಗಿ ಪುಟ್ಟಿಯ ಕೆಲಸ ಅಂಟು ಬಳಿಯುವುದು. ಪುಟ್ಟಿ ಎಂಬುದು ಮನೆಯ ಹೆಸರು. ಅವಳು ಕೆಲಸಕ್ಕೆ ಸೇರಿದ ದಿನವೇ ನಾನು ಎಲ್ಲರೆದುರು ಹಾಗೆ ಕೂಗಿಬಿಟ್ಟಿದ್ದರಿಂದ ಅಲ್ಲಿಯೂ ಅದೇ ನಿಂತುಹೋಯಿತು.

ಉಕ್ಕಿನ ಕೊಳವೆಯ ಒಳಗೋಡೆಗೆ ರಬ್ಬರಿನ ಪದರ, ಅದರ ಮೇಲೆ ಪುಟ್ಟಿಯ ಅಂಟು, ಅಂಟಿನ ಮೇಲೆ ರುಬ್ಬಿದ ಹಿಟ್ಟಿನಂಥ ಇಂಧನವನ್ನು ಸುರಿದು ಗಟ್ಟಿಯಾಗಲು ಬಿಡುತ್ತಾರೆ. ಆ ಅಂಟು ಹಿಡಿದುಕೊಂಡಿರಬೇಕು. ಎಲ್ಲೋ ಒಂದು ಕಡೆ ಇಂಧನ ಗೋಡೆಯನ್ನು ಬಿಟ್ಟಿತೋ, ಬೆಂಕಿ ಅಲ್ಲಿಗೆ ನುಗ್ಗುತ್ತದೆ, ಉಕ್ಕನ್ನು ಮುಟ್ಟುತ್ತದೆ, ಕೊಳವೆ ಸೀಳುತ್ತದೆ. ಹೊತ್ತಿಸಿದ ಮೇಲೆ ಆರಿಸುವ ಗುಂಡಿ ಈ ಬಗೆಯ ಬೂಸ್ಟರಿಗೆ ಇಲ್ಲವೇ ಇಲ್ಲ.

ಬಳಿದ ಅಂಟು ಹದಕ್ಕೆ ಬಂದಿದೆಯೇ ಎಂದು ಮುಟ್ಟಿ ನೋಡಬೇಕು. ಎರಡು ಜೊತೆ ಕೈಗವಸು ತೊಟ್ಟೇ ಮುಟ್ಟಬೇಕೆಂದು ನಿಯಮ. ಎರಡು ಗವಸು ತೊಟ್ಟು ಹದ ನೋಡುವುದೂ ಒಂದೇ, ಕಂಬಳಿ ಹೊದ್ದು ಬಿಸಿಲು ಕಾಯಿಸುವುದೂ ಒಂದೇ. ಪುಟ್ಟಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಬಲಗೈಯ ಗವಸು ಕಳಚಿ ಕಿರುಬೆರಳಿನ ಹಿಂಬದಿಯನ್ನು ಒಮ್ಮೆ ತಾಕಿಸುತ್ತಿದ್ದರು. ಹದ ಬಂದಿದ್ದರೆ ಅಂಟು ಚರ್ಮವನ್ನು ಒಮ್ಮೆ ಹಿಡಿದು ಮತ್ತೆ ಬಿಡುತ್ತದೆ, ಬೆರಳಿಗೆ ಮೆತ್ತುವುದಿಲ್ಲ. ಅವರು ನಿವೃತ್ತರಾದ ಮೇಲೆ ಪುಟ್ಟಿಯೂ ಹಾಗೇ ಮಾಡುತ್ತ ಬಂದಳು. ಅಂಟಿನ ಕೋಣೆಯ ಒಳ್ಳೆಯ ಕೈಗಳೆಲ್ಲ ಹಾಗೇ ಮಾಡುತ್ತವೆ. ಕೆಟ್ಟ ಕೈಗಳಷ್ಟೇ ನಿಯಮ ಪಾಲಿಸುತ್ತವೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಮೇಲಿನವರೂ ಕಂಡೂ ಕಾಣದ ಹಾಗಿದ್ದರು.

ಎರಡೂ ಬೂಸ್ಟರುಗಳಿಗೆ ಇಂಧನ ಸುರಿದು, ಅದು ಗಟ್ಟಿಯಾಗಿ, ನಾನು ಮೈಯೆಲ್ಲ ತಡಕಿ ನೋಡಿ ಆದಮೇಲೆ ಒಂದು ದಿನ ಅಂಟಿನ ಕೋಣೆಯ ಬಾಗಿಲಿಗೆ ಒಂದು ಸೂಚನೆ ಅಂಟಿಸಿದರು. ಹೊಸದಾಗಿ ಅಂಗಡಿಗೆ ಬಂದಿರುವ ಕೆಲವು ನೋವಿನ ಮುಲಾಮುಗಳಲ್ಲಿ ಒಂದು ಬಗೆಯ ಜಿಡ್ಡಿದೆ, ಸೋಪಿಗೆ ಹೋಗುವುದಿಲ್ಲ, ಅದು ತಾಕಿದ ಕಡೆ ಅಂಟು ಹಿಡಿಯುವುದಿಲ್ಲ, ಯಾರೂ ಬಳಸಬಾರದು. ಕೆಳಗೆ ಡಬ್ಬಿಗಳ ಚಿತ್ರ. ಅದರಲ್ಲೊಂದು ಹಸಿರು ಮುಚ್ಚಳದ್ದು.

ಅವತ್ತು ಸಂಜೆ ಪುಟ್ಟಿ ಮನೆಗೆ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. ಅಮ್ಮ ಒಳಗೆ ಮಲಗಿದ್ದಳು.

"ಅಕ್ಕಾ, ಸ್ವಲ್ಪ ಹೊರಗೆ ಬಾ."

"ಏನೇ, ದೆವ್ವ ಕಂಡೋರ ಹಾಗೆ?"

"ಆ ಹಸಿರು ಮುಚ್ಚಳದ್ದು ನಮ್ಮನೇಲಿತ್ತು ಅಲ್ವಾ? ಪಕ್ಕದ ಮನೆ ದರ್ಜಿಯಮ್ಮ ಅಮ್ಮನ ಮಂಡಿಗೆ ಅಂತ ತಂದುಕೊಟ್ಟಿದ್ದು?"

ಇತ್ತು. ಒಂದೇ ದಿನ ಇತ್ತು. ವಾಸನೆ ತಡೆಯೋಕಾಗಲ್ಲ ಎಂದು ಅಮ್ಮ ಮಾರನೇ ದಿನವೇ ಅದನ್ನು ಕಾವಲುಗಾರನ ಹೆಂಡತಿಗೆ ಕೊಟ್ಟುಬಿಟ್ಟಿದ್ದಳು. ಅಮ್ಮನ ಮಂಡಿ ತಿಕ್ಕುವುದು ಪುಟ್ಟಿಯ ಪಾಲಿನ ಕೆಲಸ. ದಿನಾ ಬೆಳಿಗ್ಗೆ ಆಸ್ಪತ್ರೆಯ ಹಳೆಯ ಮುಲಾಮು ಹಚ್ಚಿ ತಿಕ್ಕಿ, ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡು ಹೊರಡುತ್ತಿದ್ದಳು. ಹೊಸದನ್ನು ಹಚ್ಚಿದ ಆ ಒಂದು ದಿನವೇ ಎರಡೂ ಬೂಸ್ಟರುಗಳ ಹಿಂಭಾಗಕ್ಕೆ ಅಂಟು ಬಳಿದ ದಿನ. ಊಟಕ್ಕೆ ಮೊದಲು ದೊಡ್ಡಮ್ಮ, ಊಟವಾದ ಮೇಲೆ ಚಿಕ್ಕಮ್ಮ.

"ಬೆಳಿಗ್ಗೆ ಹಚ್ಚಿ ಹೋಗಿದ್ದೆ," ಎಂದಳು ಪುಟ್ಟಿ. "ಮೊದಲು ಮುಟ್ಟಿದ್ದು ದೊಡ್ಡಮ್ಮನ್ನ. ಬೆರಳಲ್ಲಿದ್ದ ಜಿಡ್ಡೆಲ್ಲ ಅಲ್ಲೇ ಅಂಟಿಗೆ ಹೋಗಿರುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾಡಬೇಡ ಎಂದು ನಾನು ಗದರಿದೆ. ಪುಟ್ಟಿ ಮುಚ್ಚಿಡುವ ಜಾತಿಯವಳಲ್ಲ. ಮಾರನೇ ದಿನ ಬೆಳಿಗ್ಗೆ ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದಳು. ನಾನೂ ಜೊತೆಗೆ ಹೋದೆ.

ಮುಖ್ಯಸ್ಥರಿಗೆ ನಾವಿಟ್ಟ ಹೆಸರು ನೋಡೋಣ ಸಾಹೇಬರು. ರಜೆ ಕೇಳಿದರೂ ನೋಡೋಣ, ಛಾವಣಿ ಸೋರುತ್ತಿದೆ ಎಂದರೂ ನೋಡೋಣ. ಅವತ್ತು ಮಾತ್ರ ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಬಂದು ಹೇಳಿದ್ರಲ್ಲ, ಅದು ದೊಡ್ಡದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಯಂತ್ರಕ್ಕೆ ಕಾಣುತ್ತಾ?"

"ಬಿಟ್ಟುಕೊಂಡಿದ್ರೆ ಕಾಣುತ್ತೆ ಸರ್. ಮುಟ್ಟಿಕೊಂಡಿದ್ದು ಹಿಡಿದುಕೊಳ್ಳದೆ ಇದ್ರೆ ಕಾಣಲ್ಲ."

ಅದೇ ನನ್ನ ಕೆಲಸದ ಶಾಪ. ಇಂಧನವೂ ಗೋಡೆಯೂ ಒಂದಕ್ಕೊಂದು ಆತುಕೊಂಡು ಕೂತಿದ್ದರೆ ಶಬ್ದ ಸರಾಗವಾಗಿ ದಾಟಿಹೋಗುತ್ತದೆ. ಹಿಡಿತವಿದೆಯೋ ಬರಿಯ ಸ್ಪರ್ಶವೋ ಅದಕ್ಕೆ ತಿಳಿಯುವುದಿಲ್ಲ. ಆದರೂ ಮತ್ತೆ ನೋಡಿದೆ. ದೊಡ್ಡಮ್ಮನ ಹಿಂಭಾಗವನ್ನು ಅಂಗುಲ ಅಂಗುಲವಾಗಿ, ಪುಟ್ಟಿ ತೋರಿಸಿದ ಜಾಗವನ್ನು ಸಾಕುಸಾಕಾಗುವಷ್ಟು ಸಲ ನೋಡಿದೆ. ಗೆರೆ ಅಲುಗಲಿಲ್ಲ. ನನ್ನ ಯಂತ್ರವನ್ನು ಎತ್ತಿ ಕುಕ್ಕಬೇಕೆನಿಸಿತು.

ಮೀಟಿಂಗಿನಲ್ಲಿ ಎಲ್ಲರೂ ಸೇರಿದರು. ಕೊನೆಗೆ ಒಬ್ಬರು, "ದೊಡ್ಡಮ್ಮ ಹೇಗಿದ್ರೂ ನೆಲದ ಮೇಲೆ ಉರಿಯೋಳು. ಉರಿಸಿದ್ರೆ ಅದೇ ಹೇಳುತ್ತಲ್ಲ," ಎಂದರು. ಕೋಣೆಯೆಲ್ಲ ಉಸಿರು ಬಿಟ್ಟಿತು. "ಸದ್ಯ, ಚಿಕ್ಕಮ್ಮ ಅಲ್ವಲ್ಲ," ಎಂದರು ಇನ್ನೊಬ್ಬರು. ನಾನೂ ತಲೆಯಾಡಿಸಿದೆ. ಚಿಕ್ಕಮ್ಮ ಬಿದ್ದರೆ ಕಾರ್ಖಾನೆಗೆ ಬೀಗ ಎಂದು ಮೇಲಿನಿಂದ ಆಗಲೇ ಹೇಳಿ ಕಳಿಸಿದ್ದರು. ಹಿಂದಿನ ಹಾರಾಟ ಕೆಟ್ಟಿತ್ತು, ಅದರ ಹಿಂದಿನದೂ ಕೆಟ್ಟಿತ್ತು. ಈ ಸಲದ್ದು ನಮ್ಮೆಲ್ಲರ ಅನ್ನದ ಪ್ರಶ್ನೆ. ಪುಟ್ಟಿಯೊಬ್ಬಳೇ ತಲೆಯಾಡಿಸಲಿಲ್ಲ. ಆ ಸೂಚನೆ ಓದಿದ ದಿನದಿಂದ ಅವಳು ಅಮ್ಮನ ಮಂಡಿ ಮುಟ್ಟುವುದನ್ನೂ ಬಿಟ್ಟಿದ್ದಳು. ನಾನು ತಿಕ್ಕುತ್ತಿದ್ದೆ. ನಿನ್ನ ಕೈ ಸೌಟಿನ ಹಾಗಿದೆ ಎಂದು ಅಮ್ಮ ದಿನಾ ಗೊಣಗುತ್ತಿದ್ದಳು. ಅವಳಿಗೆ ನಾವು ಏನನ್ನೂ ಹೇಳಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಗಾಳಿ ಬೆಟ್ಟದ ಕಡೆಗೆ ತಿರುಗಿದ ಕೂಡಲೇ ಎಲ್ಲರನ್ನೂ ದಪ್ಪ ಗೋಡೆಯ ಕೋಣೆಯೊಳಗೆ ಕಳಿಸಿದರು. ಪರದೆಯ ಮೇಲೆ ದೊಡ್ಡಮ್ಮ ಕಾಣುತ್ತಿದ್ದಳು: ತಲೆಯನ್ನು ಕಾಂಕ್ರೀಟಿನ ಗೋಡೆಗೆ ಒತ್ತಿಕೊಂಡು, ಸೊಂಟಕ್ಕೆ ಕಬ್ಬಿಣದ ಪಟ್ಟಿ ಬಿಗಿಸಿಕೊಂಡು, ಬಾಲವನ್ನು ಬೆಟ್ಟದ ಕಡೆ ಚಾಚಿ ಮಲಗಿದ್ದಳು. ನನ್ನ ಮುಂದಿನ ಪರದೆಯಲ್ಲಿ ಹಿಂಭಾಗದ ಉಕ್ಕಿನ ಬಿಸಿ ತೋರಿಸುವ ಗೆರೆಗಳು. ಒಂದು ಗೆರೆ ಪುಟ್ಟಿಯ ಬೆರಳಿನ ಜಾಗದ್ದು. ಅದಕ್ಕೆಂದೇ ಅಲ್ಲೊಂದು ಬಿಸಿ ಅಳೆಯುವ ತಂತಿ ಹೆಚ್ಚಾಗಿ ಅಂಟಿಸಿದ್ದೆವು.

ಪುಟ್ಟಿ ನನ್ನ ಪಕ್ಕದ ಕುರ್ಚಿಯಲ್ಲಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಚಿಕ್ಕವಳಿದ್ದಾಗ ಏಟು ತಪ್ಪಿಸಿಕೊಳ್ಳಲು ಹೀಗೇ ಕೂರುತ್ತಿದ್ದಳು.

ಹೊತ್ತಿಸಿದರು. ಮೊದಲು ಬೆಳಕು, ಆಮೇಲೆ ನೆಲ ಅದುರಿತು, ಆಮೇಲೆ ಸದ್ದು. ಆ ಸದ್ದು ಕಿವಿಯಲ್ಲಿ ಕೇಳುವಂಥದ್ದಲ್ಲ, ಹಲ್ಲಿನಲ್ಲಿ ಕೇಳುವಂಥದ್ದು. ಕೋಣೆಯ ತುಂಬ ಜನ, ವರ್ಷಗಟ್ಟಲೆ ಕೈ ಬಿಡುವಿಲ್ಲದೆ ದುಡಿದವರು, ಈಗ ಒಬ್ಬರಿಗೂ ಮಾಡಲು ಒಂದು ಕೆಲಸವಿಲ್ಲ. ಕೂತು ನೋಡಬೇಕು. ನಾನು ಆ ಒಂದು ಗೆರೆಯನ್ನು ನೋಡುತ್ತಿದ್ದೆ. ಅದು ಉಳಿದ ಗೆರೆಗಳ ಜೊತೆಗೇ ಏರಿತು, ಜೊತೆಗೇ ನಿಂತಿತು. ಒಮ್ಮೆ ಸ್ವಲ್ಪ ನಡುಗಿತು. ಮತ್ತೆ ಸರಿಯಾಯಿತು. ಎರಡು ನಿಮಿಷ ಉರಿದು ದೊಡ್ಡಮ್ಮ ತಾನಾಗಿ ಆರಿದಳು. ಬಾಲದಿಂದ ಬಿಳಿ ಹೊಗೆ ಬೆಟ್ಟದ ಕಡೆಗೆ ತೇಲಿಹೋಯಿತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ನೋಡೋಣ ಸಾಹೇಬರು ಜನರನ್ನು ದಾಟಿಕೊಂಡು ಪುಟ್ಟಿಯ ಹತ್ತಿರ ಬಂದರು. "ಆಯ್ತಲ್ಲಮ್ಮ, ಇನ್ನು ನಿದ್ದೆ ಮಾಡಿ," ಎಂದರು. ಪುಟ್ಟಿ ತೊಡೆಯ ಕೆಳಗಿಂದ ಕೈ ತೆಗೆದು ಮುಖ ಮುಚ್ಚಿಕೊಂಡು ಅತ್ತಳು. ಬೀಸೋ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡು ಅವಳ ಬೆನ್ನು ತಟ್ಟಿದೆ.

ಮಧ್ಯಾಹ್ನವೇ ಮನೆಗೆ ಬಂದೆವು. ಪುಟ್ಟಿ ಬಹಳ ದಿನಗಳ ಮೇಲೆ ತಾನಾಗಿ ಹೋಗಿ ಅಮ್ಮನ ಕಾಲ ಬಳಿ ಕೂತಳು. ಅಷ್ಟರಲ್ಲಿ ದರ್ಜಿಯಮ್ಮ ಬಂದಳು, ನಮ್ಮ ಮೇಲೆ ದೂರು ಹೊತ್ತುಕೊಂಡು.

"ನಿಮ್ಮ ಬಾಣ ಬಿರುಸು ಆಯ್ತಾ? ನನ್ನ ಗುಂಡುಸೂಜಿ ಡಬ್ಬಿ ಕಪಾಟಿಂದ ಬಿದ್ದು ಮನೆಯೆಲ್ಲ ಸೂಜಿ. ಚಪ್ಪಲಿ ಹಾಕ್ಕೊಂಡೇ ಅಡುಗೆ ಮಾಡಿದೀನಿ ಇವತ್ತು."

"ನಿನ್ನ ಕಣ್ಣಿಗೆ ಕಾಣೋದು ಸೂಜಿ ಮಾತ್ರ," ಎಂದಳು ಅಮ್ಮ. "ನನ್ನ ಮಕ್ಕಳು ಬೆಟ್ಟ ಅಲ್ಲಾಡಿಸಿ ಬಂದಿದಾರೆ."

"ಬೆಟ್ಟ ಅಲ್ಲಾಡಿಸಲಿ, ನಿಮ್ಮ ಮಂಡಿ ಅಲ್ಲಾಡಿಸ್ತಾರಾ? ಅಷ್ಟು ಒಳ್ಳೆ ಮುಲಾಮು ತಂದುಕೊಟ್ರೆ ಒಂದೇ ಸಲ ಹಚ್ಚಿ ದಾನ ಮಾಡಿಬಿಟ್ರಿ."

"ಮೂಗು ಬಿಡೋ ಹಾಗಿರಲಿಲ್ಲ ಕಣೇ ಅದು."

"ಹಚ್ಚಿದ ಮೇಲೆ ಮಲಗಬೇಕಿತ್ತು. ನಾನು ಕಿಟಕಿ ಪರದೆ ಹೊಲಿದು ಕೊಡೋಕೆ ಬಂದಾಗ ನಿಮ್ಮನೇಲಿ ಮಧ್ಯಾಹ್ನದ ಊಟ ಆಗ್ತಿತ್ತು, ನೆನಪಿಲ್ವಾ? ಪುಟ್ಟಿ ಕೈ ತೊಳೀತಿದ್ದಳು. ನಾನೇ ಡಬ್ಬಿ ಮುಚ್ಚಳ ತೆಗೆದುಕೊಟ್ಟು, ತಿಕ್ಕಮ್ಮ ನಿಮ್ಮಮ್ಮಂಗೆ ಅಂದೆ."

ಪುಟ್ಟಿಯ ಕೈ ಅಮ್ಮನ ಮಂಡಿಯ ಮೇಲೆ ಹಾಗೇ ನಿಂತಿತು.

ನಾನು ದರ್ಜಿಯಮ್ಮನನ್ನು ಏನೂ ಕೇಳಬೇಕಾಗಿರಲಿಲ್ಲ. ನಮ್ಮ ಕಿಟಕಿಯ ಪರದೆ ಎದುರಿಗೇ ತೂಗುತ್ತಿತ್ತು. ಅವತ್ತು ಪುಟ್ಟಿ ಊಟಕ್ಕೆ ಬಂದಿದ್ದಳು, ಪರದೆಯ ಬಣ್ಣ ನೋಡಿ ನಕ್ಕಿದ್ದಳು, ಅದೆಲ್ಲ ನನಗೂ ನೆನಪಾಯಿತು. ದಿನಾ ಬೆಳಿಗ್ಗೆ ತಿಕ್ಕುವ ರೂಢಿ, ಹಾಗಾಗಿ ಅದನ್ನೂ ಬೆಳಿಗ್ಗೆಯ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದಳು. ನಾನೂ ಹಾಗೇ ನಂಬಿದ್ದೆ. ಊಟವಾದ ಮೇಲೆ ಮುಲಾಮು, ಮುಲಾಮಾದ ಮೇಲೆ ಚಿಕ್ಕಮ್ಮ. ದೊಡ್ಡಮ್ಮ ಯಾವ ತಪ್ಪೂ ಇಲ್ಲದ ಅಂಟು ಇಟ್ಟುಕೊಂಡು ಸುಖವಾಗಿ ಉರಿದುಹೋಗಿದ್ದಳು.

"ಯಾಕೆ ನಿಲ್ಲಿಸಿಬಿಟ್ಟೆ? ಚೆನ್ನಾಗಿತ್ತು," ಎಂದಳು ಅಮ್ಮ.

"ಈಗ ಬಂದೆ ಅಮ್ಮ," ಎಂದು ಪುಟ್ಟಿ ಎದ್ದು ಹಿತ್ತಿಲಿಗೆ ಹೋದಳು. ನಾನು ಅವಳ ಹಿಂದೆ ಹೋಗಿ ನಿಂತೆ.

ಮತ್ತೆ ಮುಖ್ಯಸ್ಥರ ಅದೇ ಕೋಣೆ. ಪುಟ್ಟಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ನೋಡೋಣ ಸಾಹೇಬರು ಈ ಸಲವೂ ಪೆನ್ನು ಕೆಳಗಿಟ್ಟರು. ಆದರೆ ಮುಖ ಬೇರೆಯಾಗಿತ್ತು.

"ಆವತ್ತು ಬೆಳಿಗ್ಗೆ ಅಂದ್ರಿ. ಇವತ್ತು ಮಧ್ಯಾಹ್ನ ಅಂತೀರಿ."

"ಆವತ್ತು ತಪ್ಪು ನೆನಪು ಸರ್."

"ಇವತ್ತಿನದು ಸರಿ ಅಂತ ಹೇಗೆ?"

"ನಮ್ಮ ಪಕ್ಕದ ಮನೆಯೋರು ಹೇಳಿದ್ರು ಸರ್."

ಪಕ್ಕದ ಮನೆಯವರ ಮಾತು ಆ ಕೋಣೆಯಲ್ಲಿ ಎಷ್ಟು ಹಗುರವಾಗಿ ಕೇಳಿಸಿತು ಎಂದರೆ ಪುಟ್ಟಿ ತಾನೇ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ. "ಒಳಗಿನ ಇಂಧನ ತೆಗೆಸಿ ನೋಡಿ ಸರ್," ಎಂದೆ.

"ತೆಗೆಸಬಹುದು," ಎಂದರು ಅವರು ಮೆಲ್ಲಗೆ. "ನೀರು ಹೊಡೆಸಿ ಹೊಡೆಸಿ ಕೊರೆದು ತೆಗೀಬೇಕು. ಕೊಳವೆ ಹಾಳಾಗುತ್ತೆ. ಇನ್ನೊಂದು ಮಾಡೋ ತನಕ ನಮ್ಮನ್ನ ಯಾರು ಇಟ್ಕೊಂಡಿರ್ತಾರೆ? ಹಾರಿಸಿ ಒಡೆದ್ರೂ ಬೀಗ, ಹಾರಿಸದೆ ಇದ್ರೂ ಬೀಗ. ನಿಮ್ಮ ಯಂತ್ರ ದೋಷ ಇದೆ ಅಂತ ಹೇಳಲಿ, ಈಗಲೇ ನಿಲ್ಲಿಸ್ತೀನಿ. ಹೇಳುತ್ತಾ?"

"ಹೇಳಲ್ಲ ಸರ್."

"ದೊಡ್ಡಮ್ಮನ ಮೇಲೂ ಹೇಳಿರಲಿಲ್ಲ. ಉರಿಸಿ ನೋಡಿದೆವು, ಚೆನ್ನಾಗೇ ಇತ್ತಲ್ಲ."

"ದೊಡ್ಡಮ್ಮನ್ನ ನಾನು ಮುಲಾಮಿನ ಕೈಯಲ್ಲಿ ಮುಟ್ಟೇ ಇರಲಿಲ್ಲ ಸರ್," ಎಂದಳು ಪುಟ್ಟಿ.

ಅವರು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಮೇಲೆ ರೇಗಬೇಕೆಂದು ಹೋದವಳು ನಾನು. ಅವರ ಜಾಗದಲ್ಲಿ ಕೂತು ಯೋಚಿಸಿದರೆ ನನಗೂ ಬೇರೆ ಮಾತು ಹೊಳೆಯಲಿಲ್ಲ. ದರ್ಜಿಯಮ್ಮನ ಮೇಲೆ ಸಿಟ್ಟು ಮಾಡೋಣವೆಂದರೆ ಅವಳು ಮಾಡಿದ್ದು ಉಪಕಾರ. ಅಮ್ಮ ಮಾಡಿದ್ದು ಕಾಲು ಚಾಚಿದ್ದಷ್ಟೇ. ಪುಟ್ಟಿಯಂತೂ ಎರಡು ಸಲ ತಾನಾಗಿ ಬಂದು ತನ್ನ ಕೈಯನ್ನೇ ಮುಂದೆ ಚಾಚಿದವಳು. ಇಷ್ಟು ದೊಡ್ಡ ಸಿಟ್ಟನ್ನು ಹೊತ್ತುಕೊಂಡು ಇಳಿಸಲು ಒಂದು ಜಗುಲಿ ಸಿಗದೆ ನಾನು ಹಾಗೇ ಕೋಣೆಯಿಂದ ಹೊರಗೆ ಬಂದೆ.

ಚಿಕ್ಕಮ್ಮನನ್ನು ಮತ್ತೆ ನೋಡಲು ಒಪ್ಪಿಗೆ ಸಿಕ್ಕಿತು. ಪುಟ್ಟಿ ಏಣಿಯ ಕೆಳಗೆ ನಿಂತು, "ಇನ್ನೂ ಸ್ವಲ್ಪ ಎಡಕ್ಕೆ ಅಕ್ಕಾ. ಹಾಂ, ಅಲ್ಲೇ," ಎನ್ನುತ್ತಿದ್ದಳು. ಬಿಲ್ಲೆ ಇಟ್ಟೆ, ತೆಗೆದೆ, ಬಟ್ಟೆಯಲ್ಲಿ ಒರೆಸಿದೆ, ಮತ್ತೆ ಇಟ್ಟೆ. ಗೆರೆ ನೆಟ್ಟಗೆ ಹೋಗುತ್ತಿತ್ತು. ಜೀವನದಲ್ಲಿ ಮೊದಲ ಸಲ ಒಂದು ದೋಷ ಸಿಗಲಿ ಎಂದು ಬೇಡಿಕೊಂಡೆ. ಒಂದು ಸಣ್ಣ ಕುಪ್ಪಳಿಕೆ ಸಾಕು, ನಿಲ್ಲಿಸಿಬಿಡುತ್ತಾರೆ, ಬೀಗ ಬಿದ್ದರೂ ಬೀಳಲಿ. ಇಲ್ಲದ್ದನ್ನು ಇದೆ ಎಂದು ಬರೆದುಬಿಡಲೇ ಎಂದೂ ಅನ್ನಿಸಿತು. ಕೆಳಗೆ ನೋಡಿದೆ. ಪುಟ್ಟಿಗೆ ನನ್ನ ಮನಸ್ಸು ಗೊತ್ತಾಗಿರಬೇಕು.

"ಸುಳ್ಳು ಬರೀಬೇಡ ಅಕ್ಕಾ," ಎಂದಳು. "ಹಿಡಿದುಕೊಂಡಿದ್ರೂ ಇರಬಹುದು."

ಇರಬಹುದು. ಒಂದು ಕಿರುಬೆರಳಿನ ಹಿಂಬದಿಯಷ್ಟು ಜಾಗ. ಗವಸಿನ ಒಳಗೆ ಬೆವರಿ ಜಿಡ್ಡು ಹೋಗಿದ್ದರೂ ಹೋಗಿರಬಹುದು. ದೋಷ ಕಂಡುಬಂದಿಲ್ಲ ಎಂದು ಸಹಿ ಹಾಕಿ ಕೊಟ್ಟೆ.

ನಮ್ಮಲ್ಲಿ ಒಂದು ರೂಢಿಯಿದೆ. ಬೂಸ್ಟರ್ ಹೊರಡುವ ದಿನ ಅದಕ್ಕೆ ದುಡಿದವರೆಲ್ಲ ಗೇಟಿನ ತನಕ ಜೊತೆಗೆ ನಡೆಯುತ್ತಾರೆ, ಮೈಮೇಲೆ ಕೈಯಿಟ್ಟುಕೊಂಡು. ಹೊರಗಿನ ಬಣ್ಣಕ್ಕೆ ಬರಿಗೈ ತಾಕಿದರೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಗವಸು ತೊಟ್ಟು ಮುಟ್ಟಿದ್ದನ್ನು ಅವತ್ತೊಂದು ದಿನ ಬರಿಗೈಯಲ್ಲಿ ಮುಟ್ಟಬಹುದು ಎಂಬುದೇ ಅದರ ಸಂತೋಷ. ಸಾಲು ಸಾಲು ಚಕ್ರಗಳ ಗಾಡಿ ನಡಿಗೆಯ ವೇಗದಲ್ಲಿ ಹೊರಟಿತು. ಬೆಸುಗೆಯವರು, ಬಣ್ಣದವರು, ಲೆಕ್ಕದ ಕೋಣೆಯವರು ಕೂಡ ಬಂದಿದ್ದರು. ಯಾರೋ ಜೋಕು ಹೇಳುತ್ತಿದ್ದರು. ನೋಡೋಣ ಸಾಹೇಬರು ಮುಂದೆ ನಡೆಯುತ್ತಿದ್ದರು, ಹಿಂದಕ್ಕೆ ತಿರುಗಿ ನೋಡಲಿಲ್ಲ. ಗೇಟಿನ ಪಕ್ಕದಲ್ಲೇ ನಮ್ಮ ಮನೆ. ಅಮ್ಮ ಕಿಟಕಿಯ ಪರದೆ ಸರಿಸಿಕೊಂಡು ಕೂತಿದ್ದಳು.

ಪುಟ್ಟಿ ಹಿಂಭಾಗದ ಹತ್ತಿರ, ಆ ಜಾಗದ ನೇರಕ್ಕೆ ನಡೆಯುತ್ತಿದ್ದಳು. ಜೇಬಿನಿಂದ ಗವಸು ತೆಗೆದಳು. ಒಂದು ಜೊತೆ ತೊಟ್ಟಳು. ಅದರ ಮೇಲೆ ಇನ್ನೊಂದು ಜೊತೆ ತೊಟ್ಟಳು. ಬೆರಳ ಸಂದುಗಳನ್ನೆಲ್ಲ ಒತ್ತಿ ಸರಿಮಾಡಿಕೊಂಡು, ನಿಯಮದಲ್ಲಿ ಬರೆದ ಹಾಗೆಯೇ, ಆಮೇಲೆ ಚಿಕ್ಕಮ್ಮನ ಮೈಮೇಲೆ ಕೈಯಿಟ್ಟಳು.

ನಾನು ಅವಳ ಕಿವಿಯ ಹತ್ತಿರ ಹೋಗಿ, "ಹೊರಗಿನ ಬಣ್ಣ ಕಣೇ, ಏನೂ ಆಗಲ್ಲ. ತೆಗಿ," ಎಂದೆ.

"ಗೊತ್ತು," ಎಂದಳು. ತೆಗೆಯಲಿಲ್ಲ.

ಕಿಟಕಿಯಿಂದ ಅಮ್ಮ ಕೈಬೀಸಿ ಕೂಗಿದಳು. "ಪುಟ್ಟೀ, ಸುಮ್ಮನೆ ಕಳಿಸಬೇಡವೇ. ಹೋಗಿ ಬಾ ಅಂತ ಹೇಳು."

ಹಾರಿದರೂ ಒಡೆದರೂ ಚಿಕ್ಕಮ್ಮ ವಾಪಸು ಬರುವವಳಲ್ಲ ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ಪುಟ್ಟಿ ತುಟಿ ಅಲುಗಿಸಿದಳು. ಏನಂದಳೋ ಗಾಡಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಗೇಟು ಬಂದಾಗ ಎಲ್ಲರೂ ಕೈ ತೆಗೆದು ನಿಂತರು. ಅವಳು ನಡೆಯುತ್ತಲೇ ಇದ್ದಳು. ಕಾವಲುಗಾರ ಬಂದು, ಇಲ್ಲಿಗೆ ಸಾಕಮ್ಮ ಎಂದು ಅವಳ ತೋಳು ಹಿಡಿದು ನಿಲ್ಲಿಸಬೇಕಾಯಿತು.